ನಾನು, ಲಿಡಿಯವ್ವ ಆರಿಸಿದ ಬೇಸ್ ಗಿಟಾರ್

ನಾನೊಂದು ಬೇಸ್ ಗಿಟಾರ್. ನನಗಿರುವುದು ನಾಲ್ಕೇ ತಂತಿ, ಆದರೆ ಒಂದೊಂದೂ ದಪ್ಪ. ಬೇರೆ ವಾದ್ಯಗಳು ಹಾಡಿನ ಮೇಲೆ ಬಳ್ಳಿಯಂತೆ ಹಬ್ಬಿದರೆ ನಾನು ಹಾಡಿನ ಕೆಳಗೆ ಅಡಿಪಾಯದ ಕಲ್ಲಿನಂತೆ ಕೂತಿರುತ್ತೇನೆ. ನುಡಿಯುತ್ತಿರುವಾಗ ಯಾರಿಗೂ ನನ್ನ ನೆನಪಿಲ್ಲ. ನಿಂತುಹೋದರೆ ಮಾತ್ರ, "ಏನೋ ಕಮ್ಮಿ ಆತಲ್ಲ?" ಎಂದು ಹುಡುಕುತ್ತಾರೆ.

ನಾನು ಹುಟ್ಟಿದ್ದು ಕೋಲ್ಕತ್ತಾದ ಒಂದು ಸಣ್ಣ ಕಾರ್ಖಾನೆಯಲ್ಲಿ. ಹಗುರವಾದ ಹಲಗೆಯೊಂದನ್ನು ಕೊರೆದು ನನ್ನ ಮೈ ಮಾಡಿದರು, ಕುತ್ತಿಗೆ ಜೋಡಿಸಿದರು, ಹಳೆಯ ಹುಣಸೆಹಣ್ಣಿನ ಬಣ್ಣ ಬಳಿದರು. ಜೊತೆಯವರಿಗೆಲ್ಲ ನೀಳವಾದ ಕುತ್ತಿಗೆ, ನನಗೊಬ್ಬನಿಗೆ ಗಿಡ್ಡ. ಹುಬ್ಬಳ್ಳಿಗೆ ಬಂದು ಮಕಬೂಲಣ್ಣನ ವಾದ್ಯದ ಅಂಗಡಿ ಸೇರಿದಾಗ ಆ ಗಿಡ್ಡತನವೇ ನನಗೆ ಮುಳುವಾಯಿತು. ಬಂದ ಹುಡುಗರು ನನ್ನನ್ನು ಎತ್ತಿ ನೋಡಿ, "ಇದು ಸಣ್ಣ ಮಕ್ಕಳದ್ದು ಬಿಡಲೇ" ಎಂದು ನಕ್ಕು ಇಟ್ಟುಬಿಡುತ್ತಿದ್ದರು. ಹಾರ್ಮೋನಿಯಂ ಪೆಟ್ಟಿಗೆಗಳ ಹಿಂದಿನ ಮೂಲೆಯೇ ನನಗೆ ಗತಿಯಾಯಿತು.

ಒಂದು ಮಧ್ಯಾಹ್ನ ತಾಯಿ ಮಗಳು ಅಂಗಡಿ ಹತ್ತಿದರು. ತಾಯಿ ಕುಳ್ಳಗಿನ ಹೆಂಗಸು. ಐವತ್ತರ ಆಸುಪಾಸು. ಹೆಸರು ಲಿಡಿಯಾ. ಮಗಳು ಪ್ರಫುಲ್ಲಾ ಗದಗಿನ ಆಸ್ಪತ್ರೆಯೊಂದರಲ್ಲಿ ನರ್ಸ್.

"ಯಾರಿಗ್ರೀ, ಮಗಳಿಗೇನು?" ಎಂದು ಮಕಬೂಲಣ್ಣ ಕೇಳಿದ.

ಲಿಡಿಯಾ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಳು. ಮಗಳು ಮುಖದ ಹತ್ತಿರ ಬಂದು ಅದನ್ನೇ ನಿಧಾನವಾಗಿ ಹೇಳಿದಳು.

"ನನಗರೀ," ಎಂದಳು ಲಿಡಿಯಾ. "ಹೊಸದಾಗಿ ಕಲಿಯಾಕ."

ಅವಳು ಬೆಟಗೇರಿಯವಳು. ಹರೆಯದಲ್ಲೇ ಪವರ್‌ಲೂಮ್ ಶೆಡ್ಡಿಗೆ ಸೇರಿ ಸೀರೆ ನೇಯ್ದವಳು. ಯಂತ್ರಮಗ್ಗಗಳ ಗದ್ದಲ ಅವಳ ಕಿವಿಯನ್ನು ಮೇಲಿನ ಸ್ವರದಿಂದ ಕೆಳಗಿನ ಸ್ವರದತ್ತ ತಿನ್ನುತ್ತಾ ಬಂದಿತ್ತು. ಮೊದಲು ಗುಬ್ಬಿಯ ಸದ್ದು ಹೋಯಿತು, ಆಮೇಲೆ ಪಾತ್ರೆಯ ಸದ್ದು, ಕೊನೆಗೆ ಹೆಂಗಸರ, ಮಕ್ಕಳ ಮಾತು. ಚರ್ಚಿನ ಗಾಯನ ತಂಡದಲ್ಲಿ ಅವಳು ಮದುವೆಗೂ ಮೊದಲಿನಿಂದ ಹಾಡುತ್ತಿದ್ದಳು. ಒಂದು ಭಾನುವಾರ ತಂಡದ ಮುಖ್ಯಸ್ಥ ಜಯಕರ ಮಾಸ್ತರರು ಅವಳನ್ನು ಬದಿಗೆ ಕರೆದು, "ಅಕ್ಕಾರ, ಸ್ವರ ಜಾರಾಕತ್ತೇತ್ರಿ. ಸ್ವಲ್ಪ ದಿನ ಕೆಳಗ ಕುಂತು ಹಾಡ್ರಿ" ಎಂದರು. ಮೆತ್ತಗೇ ಹೇಳಿದ್ದರು. ಅಂದಿನಿಂದ ಅವಳು ಕೆಳಗೆ ಕೂತಳು, ಆದರೆ ಹಾಡಲಿಲ್ಲ.

ಮುಂದೊಂದು ಮದುವೆಯಲ್ಲಿ ಆರ್ಕೆಸ್ಟ್ರಾದವರ ದೊಡ್ಡ ಸ್ಪೀಕರಿನ ಪಕ್ಕ ಊಟಕ್ಕೆ ಕೂತಾಗ, ತುತ್ತು ಹಿಡಿದ ಕೈ ಅಲ್ಲೇ ನಿಂತಿತಂತೆ. ಎಷ್ಟೋ ವರ್ಷಗಳ ಮೇಲೆ ಒಂದು ರಾಗ ತುಂಡಾಗದೆ, ಇಡಿಯಾಗಿ ಅವಳನ್ನು ಮುಟ್ಟಿತ್ತು. ಎದ್ದು ಹೋಗಿ ನೋಡಿದರೆ ಅದು ದಪ್ಪ ತಂತಿಯ ಗಿಟಾರು.

ಇದನ್ನೆಲ್ಲ ಕೇಳಿದ ಮಕಬೂಲಣ್ಣ ಉಮೇದಿನಿಂದ ಐದು ತಂತಿಯ, ನೀಲಿ ಬಣ್ಣದ ಒಂದನ್ನು ಇಳಿಸಿದ. "ದೊಡ್ಡದ ತಗೋರಿ, ಮುಂದ ಕೆಲಸಕ್ಕ ಬರ್ತೈತಿ."

ಅದರ ಹೊಳಪಿಗೆ ಪ್ರಫುಲ್ಲಾ ಮರುಳಾದಳು. ಲಿಡಿಯಾ ಅದನ್ನು ಮಡಿಲಲ್ಲಿಟ್ಟುಕೊಂಡು ಎಡಗೈ ಚಾಚಿದಳು. ಕುತ್ತಿಗೆಯ ಮೇಲೆ ಸ್ವರ ಒತ್ತುವ ಮನೆಗಳಲ್ಲಿ ತುದಿಯದಕ್ಕೆ ಬೆರಳು ಮುಟ್ಟಲಿಲ್ಲ. ಮೈ ಮುಂದಕ್ಕೆ ಬಾಗಿಸಿದಳು. ಆಗ ಭುಜ ಸೋತಿತು.

"ಇದನ್ನ ನಾ ಎತ್ತಿಕೊಂಡು ತಿರುಗೂದಾಗತೈತಿ, ಬಾರ್ಸೂದಾಗಂಗಿಲ್ಲ," ಎಂದು ಅಂಗಡಿಯನ್ನೆಲ್ಲ ಕಣ್ಣಲ್ಲೇ ಜಾಲಾಡಿದಳು. "ಅದೇನ್ರೀ, ಪೆಟ್ಟಿಗಿ ಹಿಂದ?"

ಮಕಬೂಲಣ್ಣ ನನ್ನ ಧೂಳು ಒರೆಸಿ ಕೊಟ್ಟ. ಅವಳ ಎಡಗೈ ನನ್ನ ಕುತ್ತಿಗೆಯ ಉದ್ದಕ್ಕೂ ಸರಾಗವಾಗಿ ಓಡಾಡಿತು. ನನ್ನ ಭಾರ ಅವಳ ತೊಡೆಯ ಮೇಲೆ ಸಮನಾಗಿ ಕೂತಿತು. ಮಕಬೂಲಣ್ಣ ಒಳ್ಳೆಯವನು, ದೊಡ್ಡದನ್ನೇ ದಾಟಿಸಬೇಕೆಂಬ ಹಟ ಹಿಡಿಯಲಿಲ್ಲ. "ಹಂಗಾದ್ರ ಸರಿಯಾಗಿ ನೋಡಿ ಒಯ್ರಿ," ಎಂದು ಕುತ್ತಿಗೆ ಸೊಟ್ಟಗಿದೆಯೇ ಎಂದು ನೋಡುವುದನ್ನು ತೋರಿಸಿದ. "ಒಂದೊಂದ ಮನಿ ಒತ್ತಿ ಮೀಟ್ರಿ. ಎಲ್ಲೆರ ಕಿರ್ ಅಂದ್ರ ಹೇಳ್ರಿ."

"ಆ ಕಿರ್ ನನಗ ಕೇಳಸಂಗಿಲ್ರಿ. ಪ್ರಫುಲ್ಲಾ, ನೀ ಕೇಳು."

ತಾಯಿ ಮೀಟುತ್ತಾ ಹೋದಳು, ಮಗಳು ಕಿವಿಗೊಟ್ಟಳು. ಕೊನೆಯ ಮನೆ ದಾಟಿದ ಮೇಲೆ ಮಗಳಿಗೆ ತಡೆಯಲಾಗಲಿಲ್ಲ. "ಎಲ್ಲಾ ಸರಿ ಐತಿ. ಆದ್ರ ಯವ್ವಾ, ನಾ ಕೇಳಿದ್ರೇನ್ ಬಂತು? ನಿನಗ ಕೇಳಸಬೇಕಲ್ಲ! ಮತ್ತ ನಾಕ ಮಂದ್ಯಾಗ ನೀ ಮಾರಿ ಸಣ್ಣದ ಮಾಡ್ಕೊಂಡು ಬರೂದು ನನಗ ನೋಡಾಕ ಆಗೂದಿಲ್ಲ."

ಲಿಡಿಯಾ ಬಾಗಿ ಗದ್ದವನ್ನು ನನ್ನ ಮೈಗೆ ಒತ್ತಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿದಳು. ನನ್ನಲ್ಲಿದ್ದ ನಡುಕವನ್ನೆಲ್ಲ ನಾನು ಅವಳ ಎಲುಬಿಗೆ ಹರಿಸಿದೆ. ಅವಳು ಕಣ್ಣು ಮುಚ್ಚಿದಳು. ಮತ್ತೆ ಮೀಟಿದಳು. ಆಮೇಲೆ ದೊಡ್ಡದಾಗಿ ನಕ್ಕುಬಿಟ್ಟಳು.

"ಕೇಳಸ್ತೈತಿ!"

ಅಷ್ಟು ದಿನ ಮೂಲೆಯಲ್ಲಿದ್ದ ನಾನು ಆ ಸಂಜೆ ಬೆಟಗೇರಿಯ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟಿನಲ್ಲಿ ಕೂತು ಹೊರಟೆ.

ಕಲಿಕೆ ಸುಲಭವಿರಲಿಲ್ಲ. ಬೆರಳಿಗೆ ಬೊಬ್ಬೆ ಬಂದವು, ಒಡೆದವು, ಗಟ್ಟಿಯಾದವು. ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಪ್ರಮೋದ ಸಂಜೆ ಬಂದು ಪಾಠ ಹೇಳಿದ. ಲಿಡಿಯಾ ನನಗೆ ಜೋಡಿಸಿದ ಸ್ಪೀಕರ್ ಪೆಟ್ಟಿಗೆಯ ಮೇಲೆಯೇ ಕೂತು ನುಡಿಸುತ್ತಿದ್ದಳು, ಸ್ವರ ಬೆನ್ನುಹುರಿಯಲ್ಲಿ ಹತ್ತಿ ಬರಲೆಂದು. ತಾಳದ ಲೆಕ್ಕದಲ್ಲಿ ಮಾತ್ರ ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಮಗ್ಗದ ಜೊತೆ ಆಯುಷ್ಯ ಕಳೆದವಳ ಕೈ ಮುಂದೆ ಓಡುವುದೂ ಇಲ್ಲ, ಹಿಂದೆ ಬೀಳುವುದೂ ಇಲ್ಲ.

ಚರ್ಚಿನಲ್ಲಿ ಸುಗ್ಗಿ ಹಬ್ಬ ಬಂತು. ಪ್ರಮೋದನ ಒತ್ತಾಯಕ್ಕೆ ಜಯಕರ ಮಾಸ್ತರರು ಒಪ್ಪಿ, ಲಿಡಿಯಾಳಿಗೆ ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಜಾಗ ಕೊಟ್ಟರು. ಮುಂದೆ ಕಾಣಿಕೆಗೆಂದು ತಂದ ಕುಂಬಳಕಾಯಿ, ಜೋಳದ ತೆನೆ, ಕೋಳಿಗಳು, ಕಿಕ್ಕಿರಿದ ಜನ. ಮೊದಲ ಗೀತೆಯ ಎರಡನೆಯ ಚರಣ ನಡೆಯುತ್ತಿದ್ದಾಗ ಹಾಳೆ ತಿರುಗಿಸಲು ಹೋದ ಪ್ರಮೋದನ ಕೈ ಕೀಬೋರ್ಡಿನ ಯಾವುದೋ ಗುಂಡಿಗೆ ತಾಗಿ, ಅದರ ಶ್ರುತಿ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯಿತು. ಹಾಡುತ್ತಿದ್ದವರಲ್ಲಿ ಕೆಲವರು ಆ ಶ್ರುತಿಯ ಹಿಂದೆ ಓಡಿದರು, ಕೆಲವರು ಇದ್ದಲ್ಲೇ ಉಳಿದರು, ಗಂಡಸರ ಸಾಲು ಬಾಯಿ ಮುಚ್ಚಿತು. ಪ್ರಮೋದ ಗಾಬರಿಯಾಗಿ ಕೈ ಎತ್ತಿಬಿಟ್ಟ.

ಲಿಡಿಯಾಳಿಗೆ ಆ ಗದ್ದಲ ಪೂರ್ತಿ ಕೇಳಿಸಲಿಲ್ಲ. ಎದುರಿನ ಬೆನ್ನುಗಳು ತಡವರಿಸಿದ್ದು ಕಂಡಿತು, ಅಷ್ಟೇ. ಒಂದು ಕ್ಷಣ ಅವಳ ಬೆರಳು ಅನುಮಾನಿಸಿತು. ತಪ್ಪು ತನ್ನದೇ ಇರಬಹುದೆಂದು ನಿಲ್ಲಿಸಿಬಿಟ್ಟರೆ? ನಾನು ಅವಳ ಹೊಟ್ಟೆಗೊತ್ತಿಕೊಂಡು ಇದ್ದೆ. ಅವಳು ಗದ್ದ ತಗ್ಗಿಸಿ ನನ್ನ ಮೈಗೆ ಮುಟ್ಟಿಸಿದಳು, ಸ್ವರ ಸರಿಯಿದೆ ಎಂದು ಖಾತ್ರಿ ಮಾಡಿಕೊಂಡಳು, ಮೊದಲಿಗಿಂತ ಜೋರಾಗಿ ಮೀಟಿದಳು. ಧಂ. ಧಂ. ಧಂ.

ಮೊದಲು ಗಂಡಸರು ಹಿಡಿದರು. ಆಮೇಲೆ ಹೆಂಗಸರು. ಕೀಬೋರ್ಡಿಲ್ಲದೆ, ನನ್ನೊಬ್ಬನ ಆಸರೆಯಲ್ಲಿ ಇಡೀ ಚರ್ಚು ಆ ಚರಣವನ್ನು ಹಾಡಿ ಮುಗಿಸಿತು. ಮೂರನೆಯದಕ್ಕೆ ಪ್ರಮೋದ ಮತ್ತೆ ಸೇರಿಕೊಂಡ.

ಆರಾಧನೆ ಮುಗಿದ ಮೇಲೆ ಜಯಕರ ಮಾಸ್ತರರು ಹಿಂದಿನ ಸಾಲಿಗೆ ಬಂದರು. ಅವಳ ಎದುರು ನಿಂತು, ಅವಳು ತುಟಿ ನೋಡಿ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು: "ಅಕ್ಕಾರ, ಇವತ್ತ ನಮ್ಮನ್ನೆಲ್ಲಾ ನೀವು ಮನಿ ಮುಟ್ಟಿಸಿದ್ರಿ."

ಪ್ರಫುಲ್ಲಾ ಆಚೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವರ್ಷಗಳು ಉರುಳಿದವು. ಚರ್ಚಿನವರೇ ಲಿಡಿಯಾಳಿಗೆ ಹೊಸ ಬೇಸ್ ತಂದುಕೊಟ್ಟಾಗ ಅವಳು ನನ್ನನ್ನು ಮಂಚದ ಕೆಳಗೆ ತಳ್ಳಲಿಲ್ಲ. ಶೆಡ್ಡಿನ ಗೆಳತಿ ರೇಣವ್ವನ ಕೈಗೆ ಕೊಟ್ಟು, ನುಡಿಸುವುದನ್ನೂ ಕಲಿಸಿದಳು. ರೇಣವ್ವನ ಕಿವಿಯೂ ಅದೇ ಹಾದಿ ಹಿಡಿದಿತ್ತು. ರೇಣವ್ವ ತನ್ನ ಓಣಿಯ ಭಜನೆಗೆ ನನ್ನನ್ನು ಹೊತ್ತೊಯ್ದಾಗ ತಾಳ ಹಿಡಿಯುವ ಕಾಳಪ್ಪಜ್ಜ ಮುಖ ಸಿಂಡರಿಸಿದ. "ಭಜನಿಗೆ ಇದ್ಯಾಕವ್ವ? ಆರ್ಕೆಸ್ಟ್ರಾ ಹಚ್ಚೀಯೇನು?"

ರೇಣವ್ವ ಸ್ಪೀಕರ್ ಪೆಟ್ಟಿಗೆ ಇಟ್ಟುಕೊಂಡು ಬಾಗಿಲ ಬಳಿ ಕೂತು ನುಡಿಸಿದಳು. ಒಂದು ಪದ ಮುಗಿಯಿತು, ಎರಡನೆಯದು ಮುಗಿಯಿತು. ಕಾಳಪ್ಪಜ್ಜ ತಾಳ ಕೆಳಗಿಟ್ಟು, ತನ್ನ ಕಂಬಳಿಯನ್ನು ಅತ್ತ ಸರಿಸಿ, ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದ.

"ಅಲ್ಯಾಕ ಕುಂತಿ? ಇಲ್ಲೆ ಬಾ. ನನಗೂ ಈಗ ಕಿವಿ ಮಂದ. ಅದು ಎದಿಗೆ ಬಡೀತೈತಿ, ತಾಳ ತಪ್ಪಂಗಿಲ್ಲ."

ಈಗ ನನ್ನ ಬಣ್ಣ ಹೋಗಿದೆ, ಬಿರಡೆಗಳು ಬಿಗಿಯಾಗಿವೆ, ಬೆನ್ನಿನಲ್ಲಿ ಒಂದು ಸಣ್ಣ ಬಿರುಕೂ ಇದೆ. ಆದರೂ ಸೋಮವಾರ ಬಂದರೆ ಭಜನೆ ಮನೆಯಲ್ಲಿ ನನ್ನನ್ನು ಒರೆಸಿ, ಶ್ರುತಿ ಮಾಡಿ, ಕಾಯುತ್ತಾರೆ. ಅಂದು ಚರ್ಚಿನ ಗೀತೆ ನನ್ನ ಮೇಲೆ ಕಾಲೂರಿ ನಿಂತಿತ್ತು, ಇಂದು ಓಣಿಯ ಭಜನೆ ನಿಂತಿದೆ. ಮರದ ತುಂಡೊಂದಕ್ಕೆ ಇದಕ್ಕಿಂತ ಗಟ್ಟಿಯಾದ ಬಾಳು ಯಾವುದಿದ್ದೀತು?