ನೀರುಗುಳ್ಳೆ

"ನಾಯಿ ಎಲ್ಲಿ ಮಲಗುತ್ತೆ?"

"ಯಾವ ನಾಯಿ?"

"ಯಾವುದಾದ್ರೂ. ಫಾರಂನಲ್ಲಿ ಹಾಗೇ ಇದೆ ಅಪ್ಪ."

"ಹಾಗಾದ್ರೆ ಬರ್ಕೋ. ಮೇಷ್ಟ್ರು ಅಂಗಡಿ ಮೆಟ್ಟಿಲ ಮೇಲೆ. ಮೂಗಿ ನನ್ನ ಮಂಚದ ಕೆಳಗೆ. ಬಾಕಿಯವರು ಎಲ್ಲಿ ಮನಸ್ಸಾಗುತ್ತೋ ಅಲ್ಲಿ. ಏನೇ ಇದು, ಪೊಲೀಸರ ಹಾಗೆ ವಿಚಾರಿಸ್ತಿದ್ದೀಯ?"

ಮಧ್ಯಾಹ್ನದ ವ್ಯಾಪಾರ ಮುಗಿದು ಮಾಂಸದಂಗಡಿಯ ಷಟರ್ ಮುಕ್ಕಾಲು ಇಳಿದಿತ್ತು. ಕೆಳಗೆ ಉಳಿದ ಸಂದಿಯಿಂದ ಬಿಸಿಲು ಒಳಗೆ ನುಸುಳಿ, ಆಗಷ್ಟೇ ತೊಳೆದ ನೆಲದ ಮೇಲೆ ತೆಳ್ಳಗೆ ಹರಡಿಕೊಂಡಿತ್ತು. ಹೊರಗೆ ಕಾಯುತ್ತಿದ್ದ ನಾಯಿಗಳ ಕಾಲುಗಳಷ್ಟೇ ಕಾಣುತ್ತಿದ್ದವು. ಒದ್ದೆ ನೆಲದಲ್ಲಿ ಆ ಕಾಲುಗಳ ನೆರಳು ಅಲುಗುವಾಗ, ಯಾವುದೋ ಕೆರೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ಅವು ನಿಂತಿವೆಯೇನೋ ಅನ್ನಿಸುತ್ತಿತ್ತು. ಅಪ್ಪ ಮಾಂಸ ಕೊಚ್ಚುವ ಕೊರಡಿಗೆ ಉಪ್ಪು ಹಾಕಿ ಉಜ್ಜುತ್ತಿದ್ದ.

ಮಗಳು ಪ್ರಾಣಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಊರಿನ ಹನ್ನೆರಡು ಬೀದಿಗಳಿಂದ ನಾಯಿಗಳ ಮಲ ತಂದು, ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ಆ ತಿಂಗಳ ಕೆಲಸ. ಒಂದು ಕಣ್ಣು ಮುಚ್ಚಿ ಬಗ್ಗಿದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಮಸುಕು ಹಳದಿ ಬೆಳಕಿನಲ್ಲಿ ಲಾಡಿಹುಳದ ಮೊಟ್ಟೆಗಳು ದುಂಡಗೆ, ಕಂದು ಬಣ್ಣದಲ್ಲಿ, ಅಂಚಿನ ಸುತ್ತ ಸಣ್ಣ ಗೆರೆ ಬಿಡಿಸಿಕೊಂಡು ತೇಲುತ್ತಿದ್ದವು. ಇಷ್ಟು ಚೆಂದದ್ದು ಕೆಟ್ಟದ್ದು ಹೇಗಾದೀತು ಅಂತ ಅವಳಿಗೆ ಪ್ರತಿಸಲವೂ ಅನ್ನಿಸುತ್ತಿತ್ತು.

ಮಿಕ್ಕ ಬೀದಿಗಳಲ್ಲಿ ಈ ಮೊಟ್ಟೆ ಸಿಕ್ಕಿದ್ದು ಹತ್ತು ನಾಯಿಗೆ ಒಂದರಲ್ಲೋ ಎರಡರಲ್ಲೋ. ಒಂದು ಬೀದಿಯಲ್ಲಿ ಮಾತ್ರ ಹತ್ತಕ್ಕೆ ಎಂಟು.

"ಆ ಬೀದೀಲಿ ಏನಿದೆ?" ಅಂದಿದ್ದರು ಡಾಕ್ಟರಮ್ಮ.

"ಒಂದು ಮಾಂಸದಂಗಡಿ ಇದೆ ಮೇಡಂ."

"ಯಾರದ್ದು?"

"ನಮ್ಮಪ್ಪಂದು."

ಡಾಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, "ನೀನು ಹೋಗ್ತೀಯೋ, ನಾನು ಹೋಗ್ಲೋ?" ಎಂದು ಕೇಳಿದ್ದರು.

ಅವಳೇ ಬಂದಿದ್ದಳು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದೇ ಲೆಕ್ಕ ಹಾಕಿದ್ದಳು: ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು. ಮೂರು ವರ್ಷದ ಕೆಳಗೆ ಅಮ್ಮನ ಲಿವರಿನಲ್ಲಿ ನೀರು ತುಂಬಿದ ಗಂಟು ಬೆಳೆದಿತ್ತು. ಆಪರೇಷನ್ ಮಾಡಿದವರು, "ಎಲ್ಲಿಂದಲೋ ಬಂದಿರುತ್ತೆ" ಎಂದಿದ್ದರು. ಅಮ್ಮ ವಾರ ಬದುಕಲಿಲ್ಲ. ಆಮೇಲೆ ಅಪ್ಪ ಹಾಸಿಗೆ ಹಿಡಿದವನಂತೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದ. ಅವನನ್ನು ಎಬ್ಬಿಸಿದ್ದು ಮಗಳಲ್ಲ, ನೆಂಟರಲ್ಲ. ಮೂರು ಗಂಟೆಯಾಯಿತೆಂದರೆ ಬಾಗಿಲು ಕೆರೆಯುತ್ತಿದ್ದ ಈ ನಾಯಿಗಳು. ಗಂಟು ಎಲ್ಲಿಂದ ಬಂತೆಂದು ತಿಳಿದರೆ ಅಪ್ಪ ಮತ್ತೆ ಗೋಡೆ ಕಡೆ ತಿರುಗುತ್ತಾನೆ. ಅದಕ್ಕೇ ಅರ್ಧ ಹೇಳುವುದು, ಅರ್ಧ ನುಂಗುವುದು.

"ಏನು ತಿನ್ನುತ್ತೆ?" ಎಂದಳು.

ಅಪ್ಪ ಬದಿಗಿದ್ದ ಬೇಸಿನ್ ಎಳೆದು ತೋರಿಸಿದ. ಮೂರು ಕುರಿ ಲಿವರು. ಒಂದರ ಮೇಲೆ ದ್ರಾಕ್ಷಿಯಷ್ಟು ದಪ್ಪದ ಬಿಳಿ ಗುಳ್ಳೆಗಳು, ಒಳಗೆ ತಿಳಿನೀರು. "ಗುಳ್ಳೆ ಇರೋದನ್ನ ಗಿರಾಕಿಗೆ ಕೊಡೋ ಹಾಗಿಲ್ಲ. ಎಸೆಯೋಕೆ ಮನಸ್ಸು ಬರಲ್ಲ. ನಮ್ಮಪ್ಪನ ಕಾಲದಿಂದ ಇದು ನಾಯಿ ಪಾಲು."

"ಹಸೀದೇ?"

"ಮತ್ತೆ, ಉಪ್ಪು ಖಾರ ಹಾಕಿ ಬಡಿಸ್ಲಾ?"

ಅವಳಿಗೆ ನಗು ಬಂತು, ಬಂದಷ್ಟೇ ಬೇಗ ಆರಿತು. "ಈ ಗುಳ್ಳೆ ತಿಂದ್ರೆ ನಾಯಿ ಹೊಟ್ಟೇಲಿ ಹುಳ ಆಗುತ್ತೆ ಅಪ್ಪ. ನೂರಾರು. ಕಣ್ಣಿಗೆ ಕಾಣೋದೇ ಕಷ್ಟ, ಅಷ್ಟು ಚಿಕ್ಕವು. ಅದರ ಮೊಟ್ಟೆ ಮಲದಲ್ಲಿ ಬೀಳುತ್ತೆ. ಮಣ್ಣಿಗೆ, ಧೂಳಿಗೆ, ನಾಯಿ ಮೈಕೂದಲಿಗೂ ಅಂಟುತ್ತೆ."

"ಅಲ್ಲಿಂದ?"

"ಅಲ್ಲಿಂದ ಕುರಿಗೆ. ಹುಲ್ಲಿನ ಜೊತೆ."

"ಕುರಿಗೆ ಮಾತ್ರಾನಾ?"

ಅವಳು ಫಾರಂ ನೋಡಿದಳು. ಮುಂದಿನ ಪ್ರಶ್ನೆ ಕೈ ತೊಳೆಯುವುದರ ಬಗ್ಗೆ ಇತ್ತು. ಅವಳು ಅದನ್ನು ಕೇಳಲಿಲ್ಲ. ಹೊರಗೆ ಯಾವುದೋ ನಾಯಿ ಮೈ ಕೊಡವಿತು. ಬಿಸಿಲಿನ ಪಟ್ಟಿಯಲ್ಲಿ ಧೂಳು ಎದ್ದು, ಇಳಿಯಲು ಮರೆತಂತೆ ಅಲ್ಲೇ ತೇಲಿತು.

"ನಿಮ್ಮಮ್ಮ ಮೇಷ್ಟ್ರ ಕಿವಿ ತುರಿಸ್ತಾ ತುರಿಸ್ತಾನೇ ಊಟ ಮಾಡೋಳು," ಎಂದ ಅಪ್ಪ.

ಕೊರಡಿನ ಮೇಲೆ ಉಳಿದಿದ್ದ ಉಪ್ಪನ್ನು ಅವನು ಅಂಗೈಯಿಂದ ಒತ್ತಟ್ಟಿಗೆ ಸರಿಸಿದ.

"ಆಪರೇಷನ್ ಆದ ದಿನ ಅವಳ ಗಂಟನ್ನ ತಟ್ಟೇಲಿಟ್ಟು ತೋರಿಸಿದ್ರು ನಂಗೆ. ನೋಡಿದ ತಕ್ಷಣ ಅನ್ನಿಸ್ತು, ಇದನ್ನ ನಾನು ದಿನಾ ನೋಡ್ತೀನಲ್ಲ ಅಂತ. ಆದ್ರೆ ಅದನ್ನೂ ಇದನ್ನೂ ಜೋಡಿಸ್ಲಿಲ್ಲ. ಜೋಡಿಸೋಕೆ ಮನಸ್ಸು ಬಿಡ್ಲಿಲ್ಲ."

"ಯಾರಿಗೂ ಗೊತ್ತಿರ್ಲಿಲ್ಲ ಅಪ್ಪ."

"ಬೇರೆಯವರಿಗೆ ಗೊತ್ತಿಲ್ದೇ ಇರಬಹುದು. ಲಿವರ್ ಕೊಯ್ಯೋನು ನಾನು."

ಉಪ್ಪುಗೈ ತೊಳೆಯಲು ಹೋದವನು ತುಂಬಾ ಹೊತ್ತು ತೊಳೆದ. ಆಮೇಲೆ ಹಿಂದಿನ ಕೋಣೆಗೆ ನಡೆದ. ಮಂಚ ಕಿರ್ರೆಂದಿತು. ಮಗಳು ಪೆನ್ನು ಹಿಡಿದುಕೊಂಡೇ ಕೂತಳು. ಹೊರಗಿನ ಕಾಲುಗಳು ಒಂದೊಂದಾಗಿ ಮಡಚಿಕೊಂಡವು. ಷಟರಿನ ಸಂದಿಯಲ್ಲಿ ಈಗ ಮೂತಿಗಳ ಸಾಲು. ಎಷ್ಟು ಹೊತ್ತು ಹಾಗೆ ಹೋಯಿತೋ. ಹೇಳಬಾರದಿತ್ತು, ಡಾಕ್ಟರಮ್ಮನನ್ನೇ ಕಳಿಸಬೇಕಿತ್ತು, ಬೀದಿಯನ್ನೇ ಪಟ್ಟಿಯಿಂದ ಬಿಡಬೇಕಿತ್ತು ಅಂತ ಏನೇನೋ ಯೋಚಿಸುತ್ತಾ ಅವಳಿಗೆ ಜೊಂಪು ಹತ್ತಿದಂತಾಯಿತು.

ಪಾತ್ರೆಯ ಸದ್ದಿಗೆ ತಲೆ ಎತ್ತಿದಳು. ಅಪ್ಪ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ನೀರು ಸುರಿಯುತ್ತಿದ್ದ.

"ಎಷ್ಟು ಹೊತ್ತು ಕುದೀಬೇಕು?"

"ಕುದಿ ಬಂದ್ಮೇಲೆ ಮುಕ್ಕಾಲು ಗಂಟೆ. ಗುಳ್ಳೆ ಇರೋದು ಬೇಡವೇ ಬೇಡ, ಸುಟ್ಟುಬಿಡೋಣ. ನಾಳೆ ಡಾಕ್ಟರಮ್ಮ ಹುಳದ ಮಾತ್ರೆ ತರ್ತಾರೆ."

"ತರ್ಲಿ. ಮೇಷ್ಟ್ರು ಮಾತ್ರೆ ನುಂಗಲ್ಲ ಅಂತ ಹೇಳು. ಮಹಾ ಹಟಮಾರಿ. ನಾನೇ ಹಿಡ್ಕೋಬೇಕಾಗುತ್ತೆ."

ಗುಳ್ಳೆಯದನ್ನು ಡಬ್ಬಿಗೆ ಹಾಕಿ ಮುಚ್ಚಿದ. ಮಿಕ್ಕೆರಡನ್ನು, ಗಿರಾಕಿಗೆ ಮಾರಬಹುದಾದಷ್ಟು ಒಳ್ಳೆಯವನ್ನು, ಸಣ್ಣಗೆ ಹೆಚ್ಚಿ ನೀರಿಗೆ ಬಿಟ್ಟ. ಹಬೆ ಏರಿ ಅಂಗಡಿಯೊಳಗೆಲ್ಲ ತುಂಬಿ, ಕೊಕ್ಕೆಗಳು, ತಕ್ಕಡಿ, ಅಪ್ಪನ ಬಗ್ಗಿದ ಬೆನ್ನು ಎಲ್ಲ ಮಸುಕಾದವು.

ಬಿಸಿಲು ಬೀದಿಯ ಆಚೆಬದಿಗೆ ಸರಿದ ಮೇಲೆ ಅಪ್ಪ ಷಟರ್ ಎತ್ತಿದ. ನಾಯಿಗಳು ಮುನ್ನುಗ್ಗಿದವು, ಪರಿಚಯವಿಲ್ಲದ ವಾಸನೆಗೆ ಗಲಿಬಿಲಿಯಾಗಿ ನಿಂತವು. ಅವನು ಮೆಟ್ಟಿಲ ಮೇಲೆ ಅವುಗಳ ನಡುವೆ ಕೂತ. "ಸುಡುತ್ತೆ ಇರ್ರೋ," ಎಂದ. ಒಂದು ತುಂಡು ತೆಗೆದು, ಬೆರಳಲ್ಲಿ ಮುರಿದು, ಎರಡು ಕಡೆಯೂ ಊದಿದ. ಕೆಳತುಟಿಗೆ ತಾಗಿಸಿ ನೋಡಿದ. ಇನ್ನೂ ಬಿಸಿಯಿತ್ತೇನೋ, ಮತ್ತೆ ಊದಿದ.