ಕಂಡಷ್ಟೇ ಹೇಳಿದವಳು

ಸುನೀತಾಳ ಗಂಡ ದುಂಡೇಶ ಅವಳ ಅಣ್ಣ ಕಾಂತೂನನ್ನು ಕೊಂದ. ಈ ಒಂದು ಮಾತನ್ನು ಅಳದೆ, ತಡವರಿಸದೆ ಹೇಳಲು ಅವಳಿಗೆ ವರ್ಷಗಳೇ ಹಿಡಿದವು.

ಸಿಂದಗಿ ಕಡೆಯ ಹುಡುಗಿ ಅವಳು. ಮದುವೆಯಾಗಿ ಮುದ್ದೇಬಿಹಾಳದ ಹತ್ತಿರದ ಒಂದು ಕುರಿಗಾರರ ವಸ್ತಿಗೆ ಬಂದಿದ್ದಳು. ಅವಳನ್ನು ನೋಡಿಹೋಗಲು ಬಂದ ಅಣ್ಣ, ತಂಗಿಯ ಗಂಡನ ಜೊತೆ ಕುರಿ ಹಿಂದೆ ಹೋದವನು ಊರಿಗೆ ತಿರುಗಿ ಹೋಗದೆ ಅಲ್ಲೇ ಉಳಿದುಬಿಟ್ಟ. ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಒಂದೇ ಕಂಬಳಿ ಹೊದೆಯುತ್ತಿದ್ದರು. ಸುನೀತಾಳೇ ಒಮ್ಮೊಮ್ಮೆ ಬೇಸತ್ತು, "ನನ್ನ ಲಗ್ನಾ ಯಾರ ಜೋಡಿ ಆತು, ನಿಮ್ಮಿಬ್ಬರದ ಆತೇನು?" ಎಂದು ಛೇಡಿಸುತ್ತಿದ್ದಳು. ಇಬ್ಬರೂ ಸೇರಿ ಒಂದು ಟಗರು ಸಾಕಿದರು. ಕಾಳಗಕ್ಕೆ ಬಿಡುವ ಟಗರು. ಅದಕ್ಕೆ ಹುರುಳಿ, ಹಾಲು, ತತ್ತಿ. ಅದರ ಮೈ ತೊಳೆಯುವುದೇ ಒಂದು ಹಬ್ಬ.

ಆ ದಿನ ಬೆಳಿಗ್ಗೆ ಟಗರು ಮುಂಗಾಲು ಕುಂಟುತ್ತಿತ್ತು. ಇಂಡಿ ಕಡೆ ಕಾಳಗವಿತ್ತು. ದುಂಡೇಶ ಆಗಲೇ ಹೆಸರು ಕೊಟ್ಟುಬಿಟ್ಟಿದ್ದ.

"ಕಾಲ ನೋವು ಐತಿ ಅದಕ್ಕ. ಇವತ್ತ ಬ್ಯಾಡ," ಎಂದ ಕಾಂತು.

"ಊರಿಗೆಲ್ಲಾ ಹೇಳೇನಿ. ಈಗ ಹೋಗಲಿಲ್ಲಂದ್ರ ನನ್ನ ಮಾರಿ ಏನಾಗಬೇಕು?"

"ನಿನ್ನ ಮಾರಿ ಸಲುವಾಗಿ ಅದು ಸಾಯಬೇಕೇನು?"

ಮಾತು ಬೆಳೆಯಿತು. ಕಾಂತು ಟಗರಿನ ಹಗ್ಗ ಬಿಚ್ಚಿಕೊಂಡು ಹೊರಟ. "ಇದು ನಂದೂ ಹೌದು" ಎನ್ನುತ್ತ ಬೆನ್ನು ತಿರುಗಿಸಿದ. ದುಂಡೇಶ ಕೈಗೆ ಸಿಕ್ಕ ಕಟ್ಟಿಗೆಯಿಂದ ಹಿಂದಿನಿಂದ ಹೊಡೆದ. ಒಂದೇ ಏಟು. ಕುರಿಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿಯ ಅಂಚಿಗೆ ತಲೆ ಬಡಿದು ಕಾಂತು ಬಿದ್ದ. ಮೇವಿನ ಹೊರೆ ಹೊತ್ತು ಬರುತ್ತಿದ್ದ ಸುನೀತಾ ಎಲ್ಲವನ್ನೂ ಕಂಡಳು. ಮುಂದಿನದನ್ನೂ ಕಂಡಳು: ದುಂಡೇಶ ಕಟ್ಟಿಗೆ ಎಸೆದು, ಹುಚ್ಚನಂತೆ ಅಳುತ್ತ ಕಾಂತೂನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆತನಕ ಓಡಿದ್ದು, ಬರುತ್ತಿದ್ದ ಟೆಂಪೋದ ಮುಂದೆ ತಾನೇ ಅಡ್ಡ ನಿಂತಿದ್ದು. ದವಾಖಾನೆ ಮುಟ್ಟುವ ಮೊದಲೇ ಕಾಂತು ಹೋಗಿಬಿಟ್ಟಿದ್ದ.

ಪೊಲೀಸರು ದುಂಡೇಶನನ್ನು ಒಯ್ದರು. ಕಣ್ಣಾರೆ ಕಂಡವಳು ಸುನೀತಾ ಒಬ್ಬಳೇ ಎಂದು ಬರೆದುಕೊಂಡರು.

ಅಲ್ಲಿಂದ ಅವಳಿಗೆ ಎರಡೂ ಕಡೆಯಿಂದ ಜಗ್ಗಾಟ ಶುರುವಾಯಿತು. ಅತ್ತೆ ತಿಪ್ಪವ್ವ ಹಗಲೆಲ್ಲ ಕುರಿ ಕಾಯ್ದು, ಸಂಜೆ ಒಲೆಯ ಮುಂದೆ ಕುಳಿತು ಅದೇ ಮಾತು ಎತ್ತುತ್ತಿದ್ದಳು.

"ಜಾರಿ ಬಿದ್ದ ಅನ್ನು. ಅಷ್ಟ ಸಾಕು ಅಂದಾರ ವಕೀಲರು. ಹೋದಾಂವ ಹೋದ, ತಿರುಗಿ ಬರೂದಿಲ್ಲ. ಇದ್ದಾಂವನ್ನ ಉಳಸಕೋ ತಂಗಿ, ನಿನ್ನ ಕುಂಕುಮ ಅದು."

ತವರಿನಿಂದ ತಾಯಿ ಸಾವಿತ್ರವ್ವ ಫೋನು ಮಾಡುತ್ತಿದ್ದಳು. "ತಿಂಗಳಿಂದ ಕೊಲ್ತೇನಿ ಕೊಲ್ತೇನಿ ಅಂತಿದ್ದ ಅಂತ ಹೇಳು. ಹೊಂಚು ಹಾಕಿ ಹೊಡದ ಅಂತ ಹೇಳು. ಅಂವ ಜೈಲಿನಾಗ ಕೊಳೀಬೇಕು. ನೀ ನನ್ನ ಹೊಟ್ಟ್ಯಾಗ ಹುಟ್ಟಿದ್ದ ಖರೇ ಆದ್ರ ಹೇಳು."

ಸುನೀತಾ ಇಬ್ಬರಿಗೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಂತೂನ ಕೊನೆಯ ಗಳಿಗೆಯನ್ನು ಕಂಡ ಕಣ್ಣು ತನ್ನದೊಂದೇ. ಅದನ್ನು ಇವರೆಲ್ಲ ತಮತಮಗೆ ಬೇಕಾದಂತೆ ತಿದ್ದಲು ನಿಂತಿದ್ದಾರೆ ಎನಿಸಿದಾಗ ಅವಳ ಮೈ ಉರಿಯುತ್ತಿತ್ತು. ಗಂಡನ ಮೇಲೆ ಸಿಟ್ಟಿತ್ತು, ಕಂಡರೆ ಕಚ್ಚಿಬಿಡುವಷ್ಟು ಸಿಟ್ಟು. ಅವನು ಅಳುತ್ತ ಓಡಿದ್ದೂ ಕಣ್ಣಿನಿಂದ ಹೋಗುತ್ತಿರಲಿಲ್ಲ. ಮುಂಜಾನೆ ಎದ್ದು ದೊಡ್ಡಿ ಗುಡಿಸುವುದು, ಮರಿಗಳಿಗೆ ಹಾಲು ಬಿಡುವುದು, ರೊಟ್ಟಿ ತಟ್ಟುವುದು ಯಾವುದಕ್ಕೂ ಅರ್ಥವಿರಲಿಲ್ಲ. ಆದರೂ ಎದ್ದಳು. ಒಂದು ದಿನ ಕೋರ್ಟಿನಲ್ಲಿ ತನ್ನನ್ನು ಕರೆಯುತ್ತಾರೆ, ಆ ದಿನ ಕಂಡದ್ದನ್ನು ಕಂಡಂತೆ ಹೇಳಬೇಕು, ಅಲ್ಲಿತನಕ ತಲೆ ನೆಟ್ಟಗಿರಬೇಕು. ಅದೊಂದೇ ಅವಳನ್ನು ಹಿಡಿದೆತ್ತುತ್ತಿದ್ದ ಹಗ್ಗ.

ತಾರೀಖು ಮುಂದೆ ಹೋಗುತ್ತಲೇ ಇತ್ತು. ಜಡ್ಜ್ ಸಾಹೇಬರು ರಜೆ, ವಕೀಲರು ಬಂದಿಲ್ಲ, ಮತ್ತೇನೋ. ಬಸವನ ಬಾಗೇವಾಡಿ ದಾಟಿ ವಿಜಯಪುರಕ್ಕೆ ಹೋಗಿ, ಕೋರ್ಟಿನ ಬೇವಿನ ಗಿಡದ ಕೆಳಗೆ ಕುಳಿತು, ಹಾಗೆಯೇ ತಿರುಗಿ ಬರುತ್ತಿದ್ದಳು. ಒಂದೇ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ, ಇವಳು ಹಿಂದಿನ ಸೀಟಿನಲ್ಲಿ.

ಕೊನೆಗೆ ಒಂದು ದಿನ ಹೆಸರು ಕೂಗಿದರು. ಕಟಕಟೆಯಲ್ಲಿ ನಿಂತಾಗ ಎದುರಿಗೆ ದುಂಡೇಶ ಕಂಡ, ತೀರ ಸೊರಗಿದ್ದ. ಅವಳು ಎಲ್ಲವನ್ನೂ ಹೇಳಿದಳು. ಹಿಂದಿನಿಂದ ಹೊಡೆದದ್ದನ್ನು ಹೇಳಿದಳು. ಹೆಗಲ ಮೇಲೆ ಹೊತ್ತು ಓಡಿದ್ದನ್ನೂ ಹೇಳಿದಳು. ಮೊದಲಿನಿಂದ ದ್ವೇಷವಿತ್ತೇ ಎಂದು ಕೇಳಿದಾಗ, "ಇಲ್ರಿ. ಒಂದ ಜೀವ ಇದ್ದಂಗ ಇದ್ದರು," ಎಂದಳು. ಹಾಗಾದರೆ ಕಾಲು ಜಾರಿ ಬಿದ್ದಿರಬಹುದಲ್ಲವೇ ಎಂದು ದುಂಡೇಶನ ವಕೀಲರು ಕೇಳಿದಾಗ, "ಜಾರಲಿಲ್ರಿ. ಇವರು ಹೊಡದರು," ಎಂದಳು.

ಬೇಕೆಂದು ಮಾಡಿದ ಕೊಲೆಯಲ್ಲ, ಸಿಟ್ಟಿನ ಭರದಲ್ಲಿ ಆದ ಸಾವು ಎಂದು ತೀರ್ಪು ಬಂತು. ದುಂಡೇಶನಿಗೆ ಏಳು ವರ್ಷ ಶಿಕ್ಷೆಯಾಯಿತು.

ಆ ದಿನ ಸುನೀತಾ ಮನೆ ಮುಟ್ಟುವಷ್ಟರಲ್ಲಿ ತಿಪ್ಪವ್ವ ಅವಳ ಟ್ರಂಕನ್ನು ಅಂಗಳದಲ್ಲಿ ಇಟ್ಟಿದ್ದಳು. ಬೈಯಲಿಲ್ಲ. ಬಾಗಿಲಲ್ಲಿ ನಿಂತು, "ಇನ್ನ ಈ ಮನ್ಯಾಗ ನಿನ್ನ ಕೆಲಸ ಏನೈತಿ?" ಎಂದಳು, ಅಷ್ಟೇ. ಸುನೀತಾ ಟ್ರಂಕು ಹೊತ್ತು ಸಿಂದಗಿ ಬಸ್ಸು ಹತ್ತಿದಳು. ತವರಿನ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಒಳಗಿಂದಲೇ ತಾಯಿಯ ದನಿ ಬಂತು: "ಏಳು ವರ್ಷಕ್ಕ ಹೊರಗ ಬರ್ತಾನ ಅಂವ. ನನ್ನ ಮಗ ಎಷ್ಟು ವರ್ಷಕ್ಕ ಬರ್ತಾನ, ಹೇಳು? ಅವನ ಮ್ಯಾಲೆ ಮರುಗಿ ಮಾತಾಡಿದಿ. ಹೋಗು ಅವನ ಮನಿಗೇ."

ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಳು. ನೆರೆಮನೆಯವರು ನೋಡಿಯೂ ನೋಡದಂತೆ ಒಳಗೆ ಹೋದರು.

ಬೇರೆ ದಾರಿ ಕಾಣದೆ ತಿರುಗಿ ಬಂದವಳಿಗೆ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ಕಾಳು ಹಸನು ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಜೊತೆಗೆ ಕೆಲಸ ಮಾಡುವ ಮುಮ್ತಾಜ ಗಂಡ ಸತ್ತವಳು, ಮಗಳನ್ನು ಮದುವೆ ಮಾಡಿ ಕೊಟ್ಟು ಒಬ್ಬಳೇ ಇದ್ದಳು. "ಖೋಲಿ ದೊಡ್ಡದೇನಲ್ಲ, ಆದ್ರ ಇಬ್ಬರ ಕಾಲು ಚಾಚೂವಷ್ಟು ಐತಿ," ಎಂದು ಕರೆದಳು. ಸುನೀತಾ ಹೋದಳು.

ಆಗಲೇ ನಿಜವಾದ ಕಷ್ಟ ಶುರುವಾದದ್ದು. ಕೋರ್ಟಿನ ದಿನಕ್ಕಾಗಿ ಹಿಡಿದಿಟ್ಟುಕೊಂಡಿದ್ದ ಜೀವಕ್ಕೆ ಈಗ ಹಿಡಿಯಲು ಏನೂ ಇರಲಿಲ್ಲ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಗುರಾಗಲಿಲ್ಲ, ಬರಿದಾಯಿತು. ಕೆಲವು ದಿನ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ. ಮುಮ್ತಾಜ ಚಹಾ ತಂದಿಟ್ಟು ಹೊದ್ದ ಕೌದಿ ಎಳೆಯುತ್ತಿದ್ದಳು.

"ಏಳು."

"ಯಾಕ ಏಳಬೇಕು, ಹೇಳು ನೀನ."

"ಮೊದಲ ಏಳು. ಯಾಕ ಅನ್ನೂದು ಯಾರ್ಡಿಗೆ ಹೋಗಿ ಕೇಳೂನಂತ."

ಯಾರ್ಡಿಗೆ ಹೋದರೆ ತೊಗರಿಯ ಧೂಳು, ಜರಡಿಯ ಸಪ್ಪಳ, ಬಿಸಿಲು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ಸಂಜೆಯಾಗುತ್ತಿತ್ತು. ಹಾಗೆ ಸಂಜೆ ಮಾಡುವುದನ್ನೇ ಅವಳು ಕಲಿತಳು. ಜೈಲಿಗೆ ಒಮ್ಮೆ ಹೋದಳು. ದುಂಡೇಶ ಹೊರಗೆ ಬರಲಿಲ್ಲ. ಭೇಟಿ ಬೇಡವೆಂದಿದ್ದಾನೆ ಎಂದು ಪೊಲೀಸಿನವನು ಹೇಳಿದ. ತಂದಿದ್ದ ಶೇಂಗಾ ಹೋಳಿಗೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಭಿಕ್ಷೆ ಬೇಡುವವಳೊಬ್ಬಳಿಗೆ ಕೊಟ್ಟು ಬಂದಳು.

ಮರುವರ್ಷದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ತಿಪ್ಪವ್ವಳ ಅಣ್ಣನ ಮಗ ಸೋಮನಿಂಗ ಯಾರ್ಡಿಗೆ ಬಂದ. ಚೀಲಗಳ ಮರೆಯಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ.

"ನಮ್ಮ ಅತ್ತಿ ಸರಕಾರಿ ದವಾಖಾನ್ಯಾಗ ಅದಾಳ. ಕುರಿ ಕಾಯಾಕ ಹೊಲದಾಗ ಮಲಗಿ ಮಲಗಿ ಎದಿಗೆ ಥಂಡಿ ಹೊಕ್ಕೇತಿ, ನ್ಯುಮೋನಿಯಾ ಅಂತ. ಕುರಿ ಬಿಟ್ಟು ಕುಂದರಾಕ ನನಗ ಆಗೂದಿಲ್ಲ. ಬಾ ಅಂತ ಕರಿಯಾಕ ಬಂದಿಲ್ಲ ನಾ. ಸುದ್ದಿ ಅಷ್ಟ."

ಅವನು ಹೋದ. ಸುನೀತಾ ಜರಡಿ ಆಡಿಸುತ್ತಲೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಜರಡಿಯಲ್ಲಿ ಕಾಳೇ ಇಲ್ಲದ್ದು ಗೊತ್ತಾಯಿತು.

ಸಂಜೆ ಗಂಜಿ, ತೆಳ್ಳಗಿನ ಸಾರು ಮಾಡಿಕೊಂಡು ಹೋದಳು. ವಾರ್ಡಿನ ಮೂಲೆಯ ಮಂಚದಲ್ಲಿ ತಿಪ್ಪವ್ವ ಒಂದು ಹಿಡಿಯಷ್ಟಾಗಿ ಮಲಗಿದ್ದಳು. ಸೊಸೆಯನ್ನು ಕಂಡವಳೇ ಗೋಡೆಗೆ ಮುಖ ತಿರುಗಿಸಿದಳು. ಡಬ್ಬಿ ತೆಗೆದು ಹತ್ತಿರ ಇಟ್ಟರೆ ಕೈಯಿಂದ ಸರಿಸಿದಳು. ಗಂಜಿ ನೆಲಕ್ಕೆ ಚೆಲ್ಲಿತು. ಸುನೀತಾ ಒರೆಸಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು.

ಮರುದಿನ ಮುಮ್ತಾಜ ಜೊತೆಗೆ ಬಂದಳು. ಡಬ್ಬಿಯನ್ನು ತಾನೇ ಹಿಡಿದು ಒಳಗೆ ಹೋದಳು. ಬಾಗಿಲ ಆಚೆ ನಿಂತ ಸುನೀತಾಳಿಗೆ ಎಲ್ಲ ಕೇಳಿಸುತ್ತಿತ್ತು.

"ಯಾರಿಕಿ? ಯಾರ ಮನಿ ಅಡಗಿ ಇದು?"

"ನಮ್ಮ ಮನಿದು, ಅಮ್ಮಾ. ಉಣ್ಣು."

ತಿಪ್ಪವ್ವ ಬಾಗಿಲ ಕಡೆ ಒಮ್ಮೆ ನೋಡಿದಳು. ಯಾರು ಬೇಯಿಸಿದ್ದೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ತೆರೆದಳು.

ಅಂದಿನಿಂದ ಅದೇ ರೂಢಿಯಾಯಿತು. ಸುನೀತಾ ನಸುಕಿನಲ್ಲೇ ಎದ್ದು ಬೇಯಿಸುವಳು; ಮುಮ್ತಾಜ ಉಣಿಸುವಳು. ಮುದುಕಿಯ ಬಟ್ಟೆ ಒಗೆಯುವುದು, ಔಷಧ ತರುವುದು, ಡಾಕ್ಟರನ್ನು ಕೇಳಿಕೊಳ್ಳುವುದು ಸುನೀತಾ. ತಿಪ್ಪವ್ವ ಅವಳತ್ತ ಕಣ್ಣೆತ್ತಲಿಲ್ಲ. ಒಂದು ಸಂಜೆ ಮಾತ್ರ ಮುಮ್ತಾಜಳಿಗೆ ಗಟ್ಟಿಯಾಗಿ ಹೇಳಿದಳು: "ಸಾರಿಗೆ ಉಪ್ಪ ಕಮ್ಮಿ ಆಗೇತಿ. ಹೇಳು ಆಕಿಗೆ."

ಮೆಟ್ಟಿಲ ಮೇಲೆ ಕುಳಿತಿದ್ದ ಸುನೀತಾ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಆ ದಿನಗಳಲ್ಲಿ 'ಯಾಕ ಏಳಬೇಕು' ಎಂದು ಅವಳು ಕೇಳಿರಲಿಲ್ಲ. ಕೇಳದಿದ್ದುದು ಕೂಡ ಆಮೇಲೆಯೇ ಅವಳ ಲಕ್ಷ್ಯಕ್ಕೆ ಬಂದದ್ದು.

ಮನೆಗೆ ಕಳಿಸುವ ದಿನ ಸೋಮನಿಂಗ ಬೈಕು ತಂದ. ಸುನೀತಾ ಗುಳಿಗೆಯ ಚೀಟಿ ಅವನ ಕೈಗೆ ಕೊಟ್ಟು, ತಿಂಗಳಾದ ಮೇಲೆ ಮತ್ತೆ ಗುಳಿಗೆ ತರಬೇಕು ಎಂದು ತಿಳಿಸಿ ಹೇಳಿದಳು. ಮುದುಕಿಯನ್ನು ಹಿಡಿದು ಬೈಕಿನ ಮೇಲೆ ಕೂರಿಸುವಾಗ ತಿಪ್ಪವ್ವ ಮೊದಲ ಸಲ ನೇರ ಅವಳೊಡನೆ ಮಾತಾಡಿದಳು.

"ನಿನ್ನ ಮಾರಿ ನೋಡಿದ್ರ ನನ್ನ ಮಗಾ ಕಾಣತಾನ. ಅದಕ್ಕ ನೋಡೂದಿಲ್ಲ. ಇನ್ನ ಬರಬ್ಯಾಡ."

"ಹೂಂ, ಅತ್ತಿ."

ಬೈಕು ಹೋಯಿತು. ಮುದುಕಿ ತಿರುಗಿ ನೋಡಲಿಲ್ಲ.

ಆಮೇಲೆ ಸುನೀತಾ ಮತ್ತೊಮ್ಮೆ ಜೈಲಿಗೆ ಹೋದಳು. ಈ ಸಲ ದುಂಡೇಶ ಬಂದ. ಕಬ್ಬಿಣದ ಜಾಳಿಗೆಯ ಆಚೆ ನಿಂತು ಬೆರಳು ಹಿಸುಕಿಕೊಳ್ಳುತ್ತ ಕೇಳಿದ, "ಅವ್ವ ಹೆಂಗದಾಳ?"

"ಆರಾಮ ಆಗ್ಯಾಳ. ಮನಿಗೆ ಹೋದಳು."

"ಸೋಮನಿಂಗ ಹೇಳಿದ, ನೀ ಆರೈಕಿ ಮಾಡಿದಿ ಅಂತ."

ಪಕ್ಕದಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು.

"ಕಾಂತೂನ ಕನಸು ಬೀಳತಾವ," ಎಂದ ಅವನು. "ನಿನ್ನ ನೋಡಿದ್ರ ಹಗಲ ಹೊತ್ತಿನ್ಯಾಗೂ ಬೀಳತಾವ. ಹೊರಗ ಬಂದ ಮ್ಯಾಲೆ ನಿನ್ನ ಕೂಡ ಬಾಳೇ ಮಾಡಾಕ ನನಗ ಆಗೂದಿಲ್ಲ, ಸುನೀ."

"ನನಗೂ ಆಗೂದಿಲ್ಲ."

"ಮತ್ತ ಯಾಕ ಬಂದಿ?"

ಬಸ್ಸಿನ ದಾರಿಯುದ್ದಕ್ಕೂ ಅವಳು ಇದನ್ನೇ ಕೇಳಿಕೊಂಡಿದ್ದಳು. ಸಿಕ್ಕ ಉತ್ತರ ಬಹಳ ಸಣ್ಣದಿತ್ತು. ಆದರೂ ಅದನ್ನೇ ಹೇಳಿದಳು.

"ಅವ್ವನ ಗುಳಿಗಿ ಇನ್ನ ಎರಡ ತಿಂಗಳ ನಡೀಬೇಕು. ಆಕಿ ನುಂಗೂದಿಲ್ಲ, ಆಕಿ ಹಟ ನಿನಗ ಗೊತ್ತೈತಿ. ನಾ ಹೇಳಿದ್ರ ಕೇಳೂದಿಲ್ಲ. ನೀ ಫೋನ್ ಮಾಡಿದಾಗ ಒಂದ ಮಾತ ಹೇಳು."

ಅವನು ಹೂಂ ಅಂದನೋ ಇಲ್ಲವೋ. ಹೊತ್ತು ಮುಗಿಯಿತೆಂದು ಒಳಗಿನಿಂದ ಕರೆದರು. ಅವನು ತಲೆ ತಗ್ಗಿಸಿ ಹೋದ.

ಮುದ್ದೇಬಿಹಾಳದಲ್ಲಿ ಬಸ್ಸು ಇಳಿದಾಗ ಬಿಸಿಲು ಇನ್ನೂ ಇತ್ತು. ದುಂಡೇಶ ಹೇಳುತ್ತಾನೆಂಬ ಭರವಸೆ ಅವಳಿಗಿರಲಿಲ್ಲ. ಹೇಳಿದರೂ ತಿಪ್ಪವ್ವ ನುಂಗುತ್ತಾಳೆಂಬುದೂ ಇರಲಿಲ್ಲ. ಔಷಧದ ಅಂಗಡಿಯ ಮುಂದೆ ನಿಂತು, ಮುಂದಿನ ತಿಂಗಳಿನ ಗುಳಿಗೆ ಕೊಂಡಳು. ಅದನ್ನು ಸೋಮನಿಂಗನ ಕೈಗೆ ಹೇಗೆ ಮುಟ್ಟಿಸುವುದೆಂದು ಯೋಚಿಸುತ್ತ ಯಾರ್ಡಿನ ಕಡೆ ನಡೆದಳು. ಸಂತೆಯ ದಿನ ಅವನು ಕುರಿ ಮಾರಲು ಬರುತ್ತಾನೆ.