ಕೋಳಿಗೂಡಿನ ಮೇಲಿನ ತಗಡು

ನನ್ನ ಕೆಲಸದಲ್ಲಿ ತಪ್ಪು ಹುಡುಕುವವರನ್ನು ಕಂಡರೆ ನನಗಾಗದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಮುನಿಶಾಮಿಗೆ ಯಾಕಿಷ್ಟು ಕೋಪ ಅಂತ ನೀವು ಕೇಳಬಾರದು. ಕೆಜಿಎಫ್ ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ಟಿಂಕರಿಂಗ್ ಮಾಡಿದವನು ನಾನು. ಲಾರಿ ಗುದ್ದಿದ ಅಂಬಾಸಿಡರ್ ಬಾಗಿಲನ್ನು ಮಗುವಿನ ಕೆನ್ನೆಯ ಹಾಗೆ ನುಣ್ಣಗೆ ಮಾಡಿ ಕಳಿಸಿದ್ದೇನೆ. ಮಾಡಿದ ಪ್ರತಿ ಕೆಲಸದ ಒಳಮೈಯಲ್ಲಿ, ಯಾರಿಗೂ ಕಾಣದ ಕಡೆ, ಪಂಚಿನಿಂದ ನನ್ನ ಹೆಸರು ಹೊಡೆಯುವುದು ನನ್ನ ಪದ್ಧತಿ. ಮೇಲಿನ ಬಣ್ಣ ಹೋದರೂ ಹೆಸರು ಉಳಿಯುತ್ತದೆ.

ಎಂಬತ್ತಾರನೇ ಇಸವಿಯಲ್ಲಿ ವೆಂಕಟೇಶಪ್ಪನವರು ನನ್ನ ಶೆಡ್ಡಿಗೆ ಬಂದರು. ಬೂದಿಕೋಟೆ ಕಡೆಯ ರೈತರ ಮನೆಯವರು, ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಹಗ್ಗ ಕಟ್ಟಿ ಎಳೆದು ತಂದದ್ದು ಒಂದು ಹಳೆಯ ಜರ್ಮನ್ ಕಾರು, ಗೂನುಬೆನ್ನಿನದು. ಯಾವುದೋ ಕಾಲದಲ್ಲಿ ಗಣಿಯ ಅಧಿಕಾರಿಯೊಬ್ಬರು ಬಿಟ್ಟು ಹೋದದ್ದಂತೆ. ಇಂಜಿನ್ ಹಿಂದೆ, ಡಿಕ್ಕಿ ಮುಂದೆ, ರೇಡಿಯೇಟರೇ ಇಲ್ಲ. ನೀರು ಎಲ್ಲಿಗೆ ಹಾಕುವುದು ಅಂತ ನಾನು ಬಗ್ಗಿ ಬಗ್ಗಿ ಹುಡುಕುತ್ತಿದ್ದರೆ ಅವರು ನಕ್ಕರು.

"ನೀರು ಬೇಡ ಮುನಿಶಾಮಿ. ಇದನ್ನ ತಣ್ಣಗೆ ಇಡೋದು ಗಾಳೀನೇ. ಇಗೋ, ಈ ಫ್ಯಾನು ಗಾಳಿ ಎಳ್ಕೊಂಡು ಇಂಜಿನ್ ಮೇಲೆ ಊದ್ತದೆ, ಅಷ್ಟೇ."

ಆಮೇಲೆ ಜೇಬಿನಿಂದ ಯಾವುದೋ ವಿದೇಶಿ ಪತ್ರಿಕೆಯ ಹಾಳೆಯೊಂದನ್ನು ಬಿಚ್ಚಿದರು. ಮೇಲ್ಛಾವಣಿ ಇಲ್ಲದ, ಎರಡೇ ಸೀಟಿನ ಓಟದ ಕಾರು. ಈ ಹಳೆಯ ಕಾರಿನ ಚಾಸಿ, ಇಂಜಿನ್ ಹಾಗೇ ಇಟ್ಟುಕೊಂಡು ಮೇಲೆ ಇಂಥದ್ದೇ ಬಾಡಿ ಹೊಡೆದು ಕೊಡಬೇಕಂತೆ. ಬೆಂಗಳೂರಿನಲ್ಲಿ ಇಬ್ಬರು ಆಗುವುದಿಲ್ಲ ಅಂದಿದ್ದರಂತೆ. ಅಷ್ಟು ಸಾಕಾಯಿತು ನನಗೆ.

ಒಂದೂವರೆ ವರ್ಷ ಹಿಡಿಯಿತು. ಹುಣಸೆ ದಿಮ್ಮಿಯಲ್ಲಿ ಗುಂಡಿ ತೋಡಿ, ಮರಳು ಚೀಲ ಇಟ್ಟು, ಮರದ ಕೊಡತಿಯಲ್ಲಿ ಒಂದೊಂದೇ ಶೀಟು ಬಡಿದು ಬಾಗಿಸಿದೆ. ಮುಂದಿನ ಎರಡು ಮಡ್‌ಗಾರ್ಡ್ ಎದ್ದು ನಿಂತಾಗ ನಾನೇ ದೂರ ಹೋಗಿ ನೋಡಿ, ಅಬ್ಬಾ ಅಂದುಕೊಂಡೆ. ಹಿಂದೆ ಇಂಜಿನ್ ಮೇಲೆ ಬರುವ ಮುಚ್ಚಳ ಇದೆಯಲ್ಲ, ಅದು ನನ್ನ ಪ್ರಾಣ. ಫೋಟೋದಲ್ಲಿ ಅದಕ್ಕೆ ಜಾಲರಿ ಇತ್ತು. ಅಷ್ಟು ಚೆಂದದ ಇಳಿಜಾರಿನಲ್ಲಿ ಯಾರಾದರೂ ತೂತು ಕೊರೆಯುತ್ತಾರೆಯೇ? ನಾನು ಕೊರೆಯಲಿಲ್ಲ. ಗಾಳಿಗೆ ಅಂತ ಮೇಲಂಚಿನಲ್ಲಿ ಬೆರಳು ತೂರುವಷ್ಟು ಸಂದು ಬಿಟ್ಟು, ಉಳಿದದ್ದನ್ನು ಒಂದೇ ಹಾಳೆಯಲ್ಲಿ ಇಳಿಸಿದೆ. ಅದರ ಒಳಗೆ ನನ್ನ ಹೆಸರು ಹೊಡೆದೆ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ಹಳೆಯ ಕಾರಿನಲ್ಲಿ ಇಂಜಿನ್ ಸುತ್ತ ಅಗಲವಾದ ತಗಡಿನ ಅಂಚು ಇತ್ತು, ಊಟದ ತಟ್ಟೆಯ ಅಂಚಿನ ಹಾಗೆ. ನನ್ನ ಬಾಡಿ ಹಿಂದುಗಡೆ ನಾಲ್ಕು ಬೆರಳು ಕಿರಿದು, ಅದು ಕೂರಲಿಲ್ಲ. ಧೂಳಿಗೆ ಅಡ್ಡ ಇಟ್ಟದ್ದಿರಬೇಕು ಅಂದುಕೊಂಡು ಬಿಚ್ಚಿ ಬಿಸಾಕಿದೆ. ನನ್ನ ಹೆಂಡತಿ ಮುನಿರತ್ನಮ್ಮ ಅದನ್ನು ಎತ್ತಿಕೊಂಡು ಹೋಗಿ ಕೋಳಿಗೂಡಿನ ಮೇಲೆ ಹೊದಿಸಿದಳು.

ಕೆಂಪು ಬಣ್ಣ ಹೊಡೆಸಿ ಬೀದಿಗೆ ಇಳಿಸಿದ ದಿನ ಆಂಡರ್ಸನ್‌ಪೇಟೆಗೆ ಆಂಡರ್ಸನ್‌ಪೇಟೆಯೇ ನೋಡಲು ನಿಂತಿತ್ತು. ಬಂಗಾರಪೇಟೆ ರೈಲ್ವೆ ಗೇಟಿನವರೆಗೆ ಮಹಾರಾಜನ ಹಾಗೆ ಹೋಯಿತು. ಗೇಟು ಹಾಕಿತ್ತು. ನಿಂತ ಎರಡೇ ನಿಮಿಷಕ್ಕೆ ಆಯಿಲ್ಲಿನ ಕೆಂಪು ದೀಪ ಮಿನುಗಿತು, ಸುಟ್ಟ ವಾಸನೆ ಬಂತು, ಇಂಜಿನ್ ಸತ್ತಿತು. ಅಯ್ಯೋ ಶಿವನೇ! ಗೇಟು ತೆಗೆದ ಮೇಲೆ ಹಿಂದಿನ ಬಸ್ಸಿನವರೆಲ್ಲ ಇಳಿದು ತಳ್ಳಿದರು.

ವೆಂಕಟೇಶಪ್ಪನವರು ಆಯಿಲ್ ಬದಲಿಸಿದರು, ಕಾರ್ಬುರೇಟರ್ ಬಿಚ್ಚಿ ಜೋಡಿಸಿದರು. ಅವರ ಕಾರ್ಖಾನೆಯ ಇಂಜಿನ್ನುಗಳೆಲ್ಲ ನೀರು ಕುಡಿಯುವಂಥವು, ಇದರ ಮರ್ಮ ಅವರಿಗೂ ಸಿಗಲಿಲ್ಲ. ನಾನು ಬಿಸಿ ಹೊರಗೆ ಹೋಗಲಿ ಅಂತ ಹಿಂದೆ ಕೆಳಗಡೆ ಆರು ತೂತು ಕೊರೆದೆ. ಇನ್ನೂ ಬೇಗ ಕಾಯಿತು! ಅದೇ ಗೇಟಿನಲ್ಲಿ ಮೂರು ಸಲ ನಿಂತಿತು. ನನ್ನನ್ನು ಕಂಡರೆ ಸಾಕು, ಟೀ ಅಂಗಡಿಯಲ್ಲಿ ಯಾರಾದರೊಬ್ಬರು ತಮಿಳಿನಲ್ಲಿ ಕೇಳುವರು, "ಎನ್ನ ಮುನಿಶಾಮಿ, ವಂಡಿ ನಿನ್ನುಡುಚ್ಚಾ?" ಗಾಡಿ ನಿಂತುಬಿಟ್ಟಿತಾ ಅಂತ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಶುಕ್ರವಾರ ವೆಂಕಟೇಶಪ್ಪನವರು ಬಂದು ಸ್ಟೂಲಿನ ಮೇಲೆ ಕೂತರು. ಮುಖ ಬಾಡಿತ್ತು.

"ಸಾಕು ಮುನಿಶಾಮಿ. ಬೆಂಗಳೂರಿನೋರು ಒಬ್ರು ಇಂಜಿನ್ನೂ ಚಾಸೀನೂ ಕೇಳ್ತಿದಾರೆ. ಸೋಮವಾರ ಬೆಳಿಗ್ಗೆ ಬರ್ತಾರೆ. ಭಾನುವಾರ ಬೂದಿಕೋಟೆಗೆ ಹೋಗಿ ಅಮ್ಮಂಗೆ ತೋರಿಸ್ಬೇಕು ಅಂತಿದ್ದೆ. ನಿಲ್ಲದೆ ಹೋಗಿ ಬಂದ್ರೆ ಸರಿ. ಇಲ್ಲಾಂದ್ರೆ ಬಾಡಿ ಕತ್ತರಿಸಿ ತೆಗೆದುಬಿಡು."

"ಬಾಡಿ ಏನ್ ಮಾಡ್ತೀರಾ ಸಾರ್?"

ಅವರು ಸ್ಟೂಲಿನಿಂದ ಎದ್ದು ಹೊರಟರು. ಗುಜರಿಗೆ ಅನ್ನುವ ಮಾತನ್ನು ಅವರ ಬಾಯಿಂದ ಕೇಳುವುದು ನನಗೂ ಬೇಕಿರಲಿಲ್ಲ. ಅವತ್ತು ಮಧ್ಯಾಹ್ನ ಅನ್ನ ಸೇರಲಿಲ್ಲ.

"ನಮ್ ದೊಡ್ಡಪ್ಪನ್ನ ಕರ್ಸು," ಅಂದಳು ಮುನಿರತ್ನಮ್ಮ.

ಚಾಂಪಿಯನ್ ರೀಫ್ಸ್ ಗಣಿಯ ಕಾಲೊನಿಯಲ್ಲಿ ಅವಳ ದೊಡ್ಡಪ್ಪ ಚಿಕ್ಕಮುನಿಯಪ್ಪ ಇದ್ದರು. ಗಣಿಯೊಳಗೆ ಮೂವತ್ತೊಂದು ವರ್ಷ ಗಾಳಿ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಅಂದರೆ ಸುರಂಗದ ಬಾಗಿಲು ತೆಗೆಯುವುದು, ಹಾಕುವುದು. ಅಷ್ಟೇ ಅಂತ ನಾನು ತಿಳಿದಿದ್ದೆ. ನಮ್ಮ ಮದುವೆಯಲ್ಲೇ ಸ್ನೇಹಿತರ ಮುಂದೆ, "ನಮ್ಮ ಮಾವ ಭೂಮಿ ಒಳಗೆ ವಾಚ್‌ಮನ್ನು" ಅಂತ ಹೇಳಿ ನಗಿಸಿದ್ದೆ. ಅದು ಅವರ ಕಿವಿಗೂ ಬಿದ್ದಿತ್ತು.

"ಬಾಗಿಲು ಕಾಯೋರು ಬಂದು ಕಾರು ರಿಪೇರಿ ಮಾಡ್ತಾರಾ?" ಅಂದೆ.

"ಬಾಯ್ಮುಚ್ಕಾ. ನಿನ್ ರೋಷ ಇಟ್ಕಂಡು ಗುಜರಿಯೋನ ತಕ್ಕಡಿ ಮುಂದೆ ನಿಂತ್ಕಾ ಓಗು," ಅಂದು ಚಪ್ಪಲಿ ಮೆಟ್ಟಿ ಅವಳೇ ಹೋಗಿ ಹೇಳಿ ಬಂದಳು.

ಶನಿವಾರ ಬೆಳಿಗ್ಗೆ ಅವರು ಬಂದರು. ಸಣ್ಣ ಆಳು, ತಲೆಗೆ ಟವೆಲ್ಲು, ಕೈಯಲ್ಲಿ ಒಂದು ಕಟ್ಟು ಊದುಬತ್ತಿ. ಪೂಜೆ ಮಾಡಲು ಬಂದರಪ್ಪ ಅಂದುಕೊಂಡೆ. ವಿಷಯ ತಿಳಿದು ಬಂದಿದ್ದ ವೆಂಕಟೇಶಪ್ಪನವರು ನಮಸ್ಕಾರ ಮಾಡಿ ಹೆಸರು ಕೇಳಿದರು.

"ಎರಡು ಸಾವಿರದ ನಾನೂರ ಅನ್ನೊಂದು," ಅಂದವರು ನಾಲಿಗೆ ಕಚ್ಚಿಕೊಂಡರು. "ಅಯ್ಯೋ, ಅದು ಗಣಿ ನಂಬರು. ಚಿಕ್ಕಮುನಿಯಪ್ಪ ಸಾರ್."

ನನಗೆ ನಗು ಬಂತು. ಮುನಿರತ್ನಮ್ಮ ನನ್ನ ಕಡೆ ಕಣ್ಣು ಬಿಟ್ಟಳು.

"ಏನ್ ಅಳಿಯಾ, ಗಾಡೀಗೆ ಉಸುರು ಕಟ್ತೈತಂತೆ? ಸ್ಟಾರ್ಟ್ ಮಾಡ್ಸು. ಯಾರೂ ಅತ್ರ ನಿಂತ್ಕಬೇಡಿ, ಗಾಳೀಗೆ ಅಡ್ಡ ಆಗ್ತೀರ."

ಊದುಬತ್ತಿ ಹಚ್ಚಿ ನನ್ನ ಮುಚ್ಚಳದ ಮೇಲಿನ ಸಂದಿಗೆ ಹಿಡಿದರು. ಹೊಗೆ ಅರ್ಧ ಒಳಗೆ ಹೋಯಿತು, ಅರ್ಧ ಅಲ್ಲೇ ಸುತ್ತಾಡಿತು. ಮುಚ್ಚಳ ಎತ್ತಿ ಎರಡು ಮಾರು ದೂರ ನಿಂತು ಸುಮ್ಮನೆ ನೋಡಿದರು. ಮತ್ತೆ ಮುಚ್ಚಳ ಹಾಕಿಸಿ, ಆ ವಯಸ್ಸಿನಲ್ಲಿ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ತೂರಿದರು. ನಾನೂ ತೂರಿದೆ. ಇಂಜಿನ್ ಕೆಳಗೆ, ಬಿಸಿಗಾಳಿ ಭುಸುಗುಡುವ ಜಾಗದಲ್ಲಿ ಊದುಬತ್ತಿ ಹಿಡಿದರು. ಹೊಗೆ ಹೊರಗೆ ಹೋಗಬೇಕು ತಾನೇ? ಇಲ್ಲ. ಇಂಜಿನ್ನಿಗೂ ನನ್ನ ಬಾಡಿಗೂ ನಡುವೆ ಇದ್ದ ನಾಲ್ಕು ಬೆರಳಿನ ಸಂದಿಯಿಂದ, ನಾನೇ ಕೊರೆದ ಆರು ತೂತಿನಿಂದ, ಸರ್ರನೆ ಮೇಲಕ್ಕೆ, ಫ್ಯಾನಿನ ಕಡೆಗೆ ಓಡಿತು.

"ನೋಡ್ದಾ? ತಾನು ಬಿಟ್ಟ ಉಸುರನ್ನ ತಾನೇ ಕುಡೀತೈತೆ," ಅಂದರು ಮಾವ.

ಅಲ್ಲೇ ಮಲಗಿಕೊಂಡು, ಮುಖದ ಮೇಲೆ ಗ್ರೀಸು ತೊಟ್ಟಿಕ್ಕುತ್ತಿರುವಾಗ ಹೇಳಿದರು. ಗಣಿಯ ಆಳದಲ್ಲಿ ಬಂಡೆ ಕೈ ಇಡಲಾಗದಷ್ಟು ಕಾದಿರುತ್ತದಂತೆ. ಒಳಗೆ ಹೋಗುವ ತಣ್ಣನೆ ಗಾಳಿಗೆ ಒಂದು ದಾರಿ, ಕೆಟ್ಟ ಬಿಸಿ ಗಾಳಿ ಹೊರಗೆ ಬರಲು ಇನ್ನೊಂದು. ಎರಡೂ ಎಲ್ಲೂ ಕೂಡಬಾರದು. ನಡುವೆ ಬಾಗಿಲು, ಬಾಗಿಲು ಇಡಲಾಗದ ಕಡೆ ದಪ್ಪ ಬಟ್ಟೆಯ ಪರದೆ.

"ಒಬ್ಬ ಮುಟ್ಟಾಳ ಒಂದ್ ಬಾಗ್ಲು ತೆರೆದಿಟ್ಟು ಓದ ಅಂದ್ಕಾ. ಗಾಳಿ ಅಲ್ಲೇ ಅಡ್ಡದಾರಿ ಇಡೀತೈತೆ. ದೂರದಾಗೆ ಬಂಡೆ ಕೊರೆಯೋ ಜನ ನಿಂತಂಗೇ ಬೀಳ್ತಾರೆ. ನಾನು ಎಗಲ್ ಮೇಲೆ ಒತ್ಕಂಡು ಮೇಲಕ್ಕೆ ತಂದಿದೀನಿ ಕಣಪ್ಪಾ, ಇಬ್ಬರನ್ನ. ಒಬ್ಬ ಬದುಕಿದ." ಊದುಬತ್ತಿಯ ಬೂದಿ ಉದುರಿಸಿ ಆ ಸಂದಿಗೆ ಬೆರಳಿಟ್ಟರು. "ಇಲ್ಲಿ ಒಂದ್ ಪರದೆ ಇರ್ಬೇಕಿತ್ತಲ್ಲಾ ಅಳಿಯಾ. ಇಂಜಿನ್ ಸುತ್ತ. ಯಾರು ಕಿತ್ತಿದ್ದು?"

ಧೂಳಿನ ತಗಡು! ಸುಳ್ಳು ಹೇಳಬಹುದಿತ್ತು, ಕಾರು ಬಂದಾಗಲೇ ಇರಲಿಲ್ಲ ಅನ್ನಬಹುದಿತ್ತು. ವೆಂಕಟೇಶಪ್ಪನವರ ಬೂಟು ನನ್ನ ತಲೆಯ ಪಕ್ಕದಲ್ಲೇ ಇತ್ತು.

"ನಾನೇ ಮಾವ. ಕೋಳಿಗೂಡಿನ ಮೇಲೈತೆ," ಅಂದೆ.

ಮುನಿರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ವೆಂಕಟೇಶಪ್ಪನವರು ನಗಲಿಲ್ಲ. ತಗಡು ಎತ್ತಿದರೆ ಅಡಿಯಲ್ಲಿ ಕಾವಿಗೆ ಕೂತ ಹೇಂಟೆ ನನ್ನ ಮುಂಗೈಯನ್ನು ರಕ್ತ ಬರುವ ಹಾಗೆ ಕುಕ್ಕಿತು. ಕುಕ್ಕಲಿ, ನನಗೆ ಆಗಬೇಕಾದದ್ದೇ.

ಇಡೀ ದಿನ ಕೆಲಸ. ತಗಡಿನ ಕೋಳಿಗೊಬ್ಬರ ಕೆರೆದು, ನನ್ನ ಬಾಡಿಗೆ ಸರಿಯಾಗಿ ಕತ್ತರಿಸಿ ರಿವೆಟ್ ಹೊಡೆದೆ. ಕೆಳಗಿನ ಆರು ತೂತು ಮುಚ್ಚಿದೆ. ಲಾರಿ ಟ್ಯೂಬು ಸೀಳಿ ಅಂಚಿಗೆಲ್ಲ ರಬ್ಬರ್ ಕೊಟ್ಟೆ. ಮಾವ ಮತ್ತೆ ಮತ್ತೆ ಊದುಬತ್ತಿ ಹಿಡಿದು, "ಇಲ್ಲಿ ಸೋರ್ತೈತೆ, ಇಲ್ಲೂ," ಅನ್ನುವರು. ಕೂದಲೆಳೆಯಷ್ಟು ಸಂದಿಯನ್ನೂ ಬಿಡಲಿಲ್ಲ. ಕಣ್ಣಿಗೆ ಕಾಣದ್ದನ್ನು ಈ ಮನುಷ್ಯ ಬೆರಳು ತೋರಿಸಿ ಹೇಳುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಇಂಥ ಕೆಲಸಗಾರನನ್ನು ನಾನು ನೋಡಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಮಾವ ನನ್ನ ಮುಚ್ಚಳದ ಮೇಲೆ ಕೈ ಇಟ್ಟರು. ಸವರಿದರು.

"ಎಂಥಾ ಕೆಲಸ ಮಾಡಿದೀಯಪ್ಪಾ! ಬೆಣ್ಣೆ ಇದ್ದಂಗೈತೆ. ಆದ್ರೆ ಕೆಟ್ ಗಾಳಿ ಬಾಗ್ಲು ಆಕಿದ್ ಮೇಲೆ ಒಳ್ಳೆ ಗಾಳಿ ಬಾಗ್ಲು ತೆಗೀಬೇಕು. ಆ ಸಂದು ಸಾಲ್ದು. ಇದನ್ನ ಸೀಳ್ಬೇಕು."

ಬೇರೆ ಯಾರಾದರೂ ಹೇಳಿದ್ದರೆ ಕೊಡತಿ ಎತ್ತುತ್ತಿದ್ದೆ. ಶೆಡ್ಡಿನ ಹಿಂದೆ ಹೋಗಿ ಒಂದು ಬೀಡಿ ಸೇದಿದೆ. ವಾಪಸ್ಸು ಬಂದು ಉಳಿ ಇಟ್ಟೆ. ಮೊದಲ ಏಟಿಗೆ ಕಣ್ಣಲ್ಲಿ ನೀರು ಬಂತು, ಯಾಕೆ ಮುಚ್ಚಿಡಲಿ. ಬೆರಳುದ್ದದ ಹದಿನೆಂಟು ಸೀಳು ಹಾಕಿ, ಒಂದೊಂದರ ತುಟಿಯನ್ನೂ ಮೇಲಕ್ಕೆ ಮಡಿಸಿದೆ. ಊದುಬತ್ತಿ ಹಿಡಿದರೆ ಹೊಗೆ ಒಂದೆಳೆಯೂ ಹೊರಗುಳಿಯದೆ ಹದಿನೆಂಟರಲ್ಲೂ ಇಳಿಯಿತು.

ಭಾನುವಾರ ಹೊರಟೆವು. ವೆಂಕಟೇಶಪ್ಪನವರು ಸ್ಟೀರಿಂಗ್‌ನಲ್ಲಿ, ಮಾವ ಪಕ್ಕದಲ್ಲಿ, ನಾನು ಸೀಟಿನ ಹಿಂದಿನ ಚೂರು ಜಾಗದಲ್ಲಿ ಕಾಲು ಮಡಚಿಕೊಂಡು. ಬಂಗಾರಪೇಟೆ ಗೇಟು ಬಂತು. ಹಾಕಿತ್ತು. ಹಾಕದೆ ಇರುತ್ತದೆಯೇ! ಗೇಟಿನವನು ನಮ್ಮನ್ನು ಕಂಡು, "ತಳ್ಳೋಕೆ ಜನ ಕರೀಲಾ?" ಅಂದ.

ಗೂಡ್ಸ್ ರೈಲು ಬಂತು. ಮುಗಿಯುವುದೇ ಇಲ್ಲ ಅನ್ನುವ ಹಾಗೆ ಡಬ್ಬಿ ಮೇಲೆ ಡಬ್ಬಿ. ಮೂವರೂ ಕೆಂಪು ದೀಪವನ್ನೇ ನೋಡುತ್ತಿದ್ದೆವು. ಎರಡು ನಿಮಿಷ ಕಳೆಯಿತು, ನಾಲ್ಕಾಯಿತು. ರೈಲು ಹೋದ ಮೇಲೂ ಗೇಟು ಏಳಲಿಲ್ಲ, ಆ ಕಡೆಯಿಂದ ಇನ್ನೊಂದು ಬರುವುದಿತ್ತು. ನಾನು ದೀಪದಿಂದ ಕಣ್ಣು ತೆಗೆಯಲಿಲ್ಲ. ಮಾವ ಮಾತ್ರ ಕೈ ಹಿಂದಕ್ಕೆ ಚಾಚಿ ಸೀಳುಗಳ ಮೇಲೆ ಅಂಗೈ ಹಿಡಿದು ಕಣ್ಣು ಮುಚ್ಚಿದ್ದರು.

"ಎಳೀತೈತೆ," ಅಂದರು. "ಚೆನ್ನಾಗಿ ಎಳೀತೈತೆ."

ಹನ್ನೊಂದು ನಿಮಿಷ. ದೀಪ ಒಂದು ಸಲವೂ ಹತ್ತಲಿಲ್ಲ. ಗೇಟು ಎದ್ದಾಗ ವೆಂಕಟೇಶಪ್ಪನವರು ಚಿಕ್ಕ ಹುಡುಗರ ಹಾಗೆ ಕೂಗಿಕೊಂಡು ಗಾಡಿ ಬಿಟ್ಟರು. ಗೇಟಿನವನು ಬಾವುಟ ಬೀಸಿದ. ಬೂದಿಕೋಟೆಯಲ್ಲಿ ಅವರ ತಾಯಿ ಆದಿಲಕ್ಷ್ಮಮ್ಮ ಕಾರನ್ನು ಮೂರು ಸುತ್ತು ಬಂದು, ಕೆಂಪು ಮಡ್‌ಗಾರ್ಡನ್ನು ಕರುವಿನ ಹಾಗೆ ಸವರಿ, "ಮೇಲ್ಗಡೆಗೆ ತಗಡು ಸಾಲ್ದೆ ಓಯ್ತಾ ಮಗಾ?" ಅಂದರು. ಸಂಜೆಯೊಳಗೆ ನಿಲ್ಲದೆ ವಾಪಸ್ಸು ಬಂದೆವು.

ಸೋಮವಾರ ಬೆಂಗಳೂರಿನವರು ಬಂದು ಬರಿಗೈಯಲ್ಲಿ ಹೋದರು. ಆಮೇಲೆ ನಾನು ಮಾವನನ್ನು ಶೆಡ್ಡಿಗೆ ಕರೆದೆ. ಅವರ ಮುಂದೆಯೇ ಮುಚ್ಚಳ ಎತ್ತಿ, ಪಂಚು ಹಿಡಿದು, ಒಳಮೈಯಲ್ಲಿ ಮುನಿಶಾಮಿ ಅಂತ ಇದ್ದ ಕಡೆ, ಅದರ ಮೇಲ್ಗಡೆ ಒಂದೊಂದೇ ಅಕ್ಷರ ಹೊಡೆದೆ. ಚಿಕ್ಕಮುನಿಯಪ್ಪ. ನನ್ನ ಹೆಸರಿಗಿಂತ ದಪ್ಪವಾಗಿ ಹೊಡೆದೆ. ಮದುವೆಯಲ್ಲಿ ಆಡಿದ ಮಾತಿಗೆ ಬಾಯಲ್ಲಿ ತಪ್ಪಾಯಿತು ಅನ್ನಲು ನನಗೆ ಬರುವುದಿಲ್ಲ, ನನ್ನ ಜಾಯಮಾನ ಅದು.

ಮಾವ ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

"ಮೂವತ್ತೊಂದು ವರ್ಷ ಬಿಲ್ಲೆ ಮೇಲೆ ನಂಬರು, ಸಂಬಳದ ಚೀಟಿ ಮೇಲೂ ನಂಬರು," ಅಂದರು. "ನನ್ನೆಸ್ರನ್ನ ಯಾರೂ ಎಲ್ಲೂ ಕೆತ್ತಿರ್ಲಿಲ್ಲ ಕಣಪ್ಪಾ."

ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಭುಜ ತಟ್ಟಿ, "ಮುಚ್ಚು ಅಳಿಯಾ, ಮುಚ್ಚು. ಬಾಗ್ಲು ಸುಮ್ಸುಮ್ನೆ ತೆರೆದಿಡಬಾರ್ದು," ಅಂದರು.

ನಾನು ಮುಚ್ಚಿದೆ.